ಸಾಕಿದ ಮೊಲ ಮತ್ತು ಮಗುವಿನ ಪ್ರಶ್ನೆ

ನಿಮ್ಮ ಮನೆಯ ಹಿತ್ತಲಲ್ಲಿ ಕೋಳಿ ಸಾಕಿರಬಹುದು. ಬಕ್ರೀದ್‌ಗೆಂದು ಎರಡು ಮೂರು ತಿಂಗಳ ಮುಂಚೆಯೇ ಕುರಿಮರಿ ತಂದು ಕಟ್ಟಿರಬಹುದು. ಅದಕ್ಕೆ ಸೊಪ್ಪು ತಿನ್ನಿಸಿದವರು, ನೀರು ಕುಡಿಸಿದವರು ಯಾರು? ಹೆಚ್ಚಾಗಿ ಮನೆಯ ಮಕ್ಕಳೇ. ಅದನ್ನು ಕೊಯ್ದ ದಿನ ಆ ಮಕ್ಕಳು ಎಲ್ಲಿದ್ದರು? ಅವರಿಗೆ ನೀವು ಏನೆಂದು ಹೇಳಿದಿರಿ? ಸ್ವಲ್ಪ ನೆನಪಿಸಿಕೊಳ್ಳಿ. ಕಳೆದ ರಮಝಾನ್ ಹಬ್ಬದ ಹಿಂದಿನ ರಾತ್ರಿ ನನಗೆ ಇದನ್ನು ನೆನಪಿಸಿಕೊಳ್ಳಬೇಕಾದ ಪ್ರಸಂಗ ಬಂತು.

ನನ್ನ ತಂಗಿಯ ಮನೆ ಇರುವುದು ಸಿದ್ದಾಪುರದಲ್ಲಿ. ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲೂಕಿಗೆ ಬಂದರೆ ಬ್ರಹ್ಮಗಿರಿ ಬೆಟ್ಟದ ಬಳಿ ಈ ಊರು ಸಿಗುತ್ತದೆ. ರಾಜ್ಯದಲ್ಲಿ ಬಹಳ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದು. ತಂಗಿಯ ಗಂಡನ ಹಿರಿಯರು ಬಿಲ್ಲು ಹಿಡಿದು ಹತ್ತಿ ಹಿಂಜಿ, ಊರೂರಿಗೆ ಹಾಸಿಗೆ ಮಾಡಿಕೊಡುತ್ತಿದ್ದ ಪಿಂಜಾರರು. ಈಗ ಬಿಲ್ಲು ಅಟ್ಟದ ಮೇಲಿದೆ, ಬದುಕು ಶೇಂಗಾ ಹೊಲದ ಮೇಲಿದೆ. ಶೇಂಗಾ ಕೈಕೊಟ್ಟ ವರ್ಷ ಮಾಂಸದ ಅಂಗಡಿಯ ಕಡೆ ತಲೆ ಹಾಕುವುದೂ ಕಷ್ಟ. ಹಾಗಾಗಿ ಅವರು ಎರಡು ಹೆಣ್ಣು, ಒಂದು ಗಂಡು ಮೊಲ ತಂದು, ತಂತಿ ಬಲೆಯ ಗೂಡು ಕಟ್ಟಿಸಿ ಮನೆಯ ಹಿಂದೆ ಇಟ್ಟರು. ಲೆಕ್ಕವೇನೋ ಚೆನ್ನಾಗಿಯೇ ಇತ್ತು. ಮೊಲ ಗಬ್ಬ ಧರಿಸಿದ ಸುಮಾರು 31ನೇ ದಿನಕ್ಕೆ ಮರಿ ಹಾಕುತ್ತದೆ. ಒಂದು ಸೂಲಿಗೆ ಆರೆಂಟು ಮರಿ. ಮೂರು ತಿಂಗಳಿಗೆ ಎರಡು ಕಿಲೋ ತೂಗುತ್ತವೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಮಾಂಸ ಸಿಗುತ್ತದೆ. ಹಾಕುವುದು ಹುಲ್ಲು, ಕುದುರೆಮಸಾಲೆ ಸೊಪ್ಪು, ಶೇಂಗಾ ಹೊಟ್ಟು. (ಮರಿಗಳನ್ನು ನಾವೇ ವಾಪಸ್ ಕೊಳ್ಳುತ್ತೇವೆ ಎಂದು ಮುಂಗಡ ಕಟ್ಟಿಸಿಕೊಳ್ಳುವವರ ಮಾತು ಬೇರೆ. ಅಂಥವರ ಸಹವಾಸಕ್ಕೆ ಇವರು ಹೋಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಮನೆಯ ಒಲೆಗೆಂದೇ ಸಾಕಿದರು.)

ಮೊದಲ ಸೂಲಿನಲ್ಲಿ ಹುಟ್ಟಿದ ಒಂದು ಬಿಳಿ ಮರಿಗೆ ಎಂಟು ವರ್ಷದ ಮಗಳು 'ಅರಳೆ' ಎಂದು ಹೆಸರಿಟ್ಟಳು. ಪಿಂಜಾರರ ಮನೆಯ ಹುಡುಗಿಗೆ ಬೇರೆ ಯಾವ ಹೆಸರು ತೋಚೀತು? ಶಾಲೆಯಿಂದ ಬಂದರೆ ಅರಳೆ, ಮದ್ರಸಾದಿಂದ ಬಂದರೆ ಅರಳೆ. ಹಬ್ಬದ ಮರುದಿನ ತಂಗಿಯ ಮನೆಗೆ ನೆಂಟರು ಬರುವವರಿದ್ದರು. ಮೂರು ಮೊಲ ಕೊಯ್ಯಬೇಕೆಂದು ತೀರ್ಮಾನವಾಗಿತ್ತು. ಆ ಮೂರರಲ್ಲಿ ಚೆನ್ನಾಗಿ ಮೈತುಂಬಿದ್ದು ಅರಳೆಯೇ.

ಮಾತು ಹೇಗೋ ಮಗುವಿನ ಕಿವಿಗೆ ಬಿತ್ತು. ರಾತ್ರಿ ಎಲ್ಲರೂ ಉಂಡ ಮೇಲೆ ನನ್ನ ಪಕ್ಕ ಬಂದು ಕುಳಿತು ಕೇಳಿದಳು: "ಮಾಮ, ಹೆಸರಿಟ್ಟಿದ್ದನ್ನೂ ಕೊಯ್ಯಬೋದಾ?"

"ನಾಳೆ ಬೆಳಿಗ್ಗೆ ಹೇಳ್ತೀನಿ, ಈಗ ಮಲಕ್ಕೋ" ಎಂದೆ. ಅವಳು ಮಲಗಿದ ಮೇಲೆ ಅವಳ ಅಜ್ಜಿ ಒಂದು ದಾರಿ ಹೇಳಿದರು: "ಬೆಕ್ಕು ಹಿಡ್ಕೊಂಡು ಹೋಯ್ತು ಅಂದ್ರಾಯ್ತು. ಎರಡು ದಿನ ಅತ್ತು ಸುಮ್ಮನಾಗ್ತಾಳೆ." ಆ ಹಿರಿಯರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮೊಮ್ಮಗಳ ಕಣ್ಣೀರು ನೋಡಲಾರದೆ ಆಡಿದ ಮಾತು. ಆದರೆ ತಂಗಿ ನನ್ನ ಮುಖ ನೋಡಿದಳು. ಏಕೆಂದರೆ ಇಂಥದೇ ಮಾತನ್ನು ನಾನು ಹಿಂದೆ ಒಮ್ಮೆ ಹೇಳಿದ್ದು ಅವಳಿಗೆ ಗೊತ್ತಿತ್ತು.

ಹದಿನೈದು ವರ್ಷಗಳ ಹಿಂದೆ ನನ್ನ ಮಗನಿಗೆ ಒಂದು ಆಡುಮರಿ ಹಚ್ಚಿಕೊಂಡಿತ್ತು. ಬಕ್ರೀದ್ ಮುಗಿದ ಸಂಜೆ, "ನಿನ್ನ ಆಡನ್ನ ಹಟ್ಟಿಗೆ ವಾಪಸ್ ಕೊಟ್ವಿ, ಕೊಯ್ದಿದ್ದು ಬೇರೆ ಆಡು" ಎಂದು ನಾನು ಅವನಿಗೆ ಹೇಳಿದೆ. ಅವನು ನಂಬಿದ. ವಾರದೊಳಗೆ ಓಣಿಯ ಹುಡುಗರು ಅವನಿಗೆ ನಿಜ ಹೇಳಿದ್ದರು. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮರುವರ್ಷ ಅವನ ಅಜ್ಜ ಆಸ್ಪತ್ರೆ ಸೇರಿದರು. "ಅಜ್ಜ ಹುಷಾರಾಗಿ ಬರ್ತಾರೆ" ಎಂದು ನಾನು ಹೇಳಿದಾಗ ಅವನು ಕೇಳಿದ್ದು ಇಷ್ಟೇ: "ಆಡು ವಾಪಸ್ ಹೋದ ಹಾಗಾ?" ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಅಬ್ದುಲ್ಲಾ ಬಿನ್ ಆಮಿರ್(ರ) ತಮ್ಮ ಬಾಲ್ಯದ ಒಂದು ಘಟನೆಯನ್ನು ವರದಿ ಮಾಡಿದ್ದಾರೆ. ಅಬೂದಾವೂದ್ ಗ್ರಂಥದಲ್ಲಿದೆ. ಅವರ ತಾಯಿ, ಬಾ, ನಿನಗೊಂದು ವಸ್ತು ಕೊಡುತ್ತೇನೆ ಎಂದು ಮಗನನ್ನು ಕರೆದರು. ಪ್ರವಾದಿವರ್ಯರು(ಸ) ಆ ಮನೆಯಲ್ಲೇ ಕುಳಿತಿದ್ದರು. ಏನು ಕೊಡಬೇಕೆಂದಿರುವೆ ಎಂದು ಆ ತಾಯಿಯನ್ನು ವಿಚಾರಿಸಿದರು. ಖರ್ಜೂರ ಎಂದರು ಆಕೆ. ಏನೂ ಕೊಡದೆ ಹೋಗಿದ್ದರೆ ಅದು ನಿನ್ನ ಮೇಲೆ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಮಗುವಿಗೆ ಹೇಳುವ ಸುಳ್ಳು ಸಣ್ಣ ಸುಳ್ಳು, ಲೆಕ್ಕಕ್ಕೆ ಬಾರದ್ದು ಎಂದು ನಾವು ತಿಳಿದಿದ್ದೇವಲ್ಲ, ಆ ತಿಳಿವಳಿಕೆಗೆ ಇಲ್ಲಿ ಜಾಗವೇ ಇಲ್ಲ. ಆದ್ದರಿಂದ ಬೆಕ್ಕಿನ ಕಥೆಯನ್ನು ಅಲ್ಲಿಗೇ ಬಿಟ್ಟೆವು. ಬೆಳಿಗ್ಗೆ ನಿಜವನ್ನೇ ಹೇಳಬೇಕಾಗಿತ್ತು. ಆದರೆ ನಿಜ ಯಾವುದು?

ಮೊಲ ಹಲಾಲೇ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ನಮ್ಮ ಕಡೆ ಅನೇಕ ಮನೆಗಳಲ್ಲಿ, ಗೊರಸಿರುವ ಮೊಲ ತಿನ್ನಬಹುದು, ಬೆಕ್ಕಿನ ಹಾಗೆ ಪಂಜ ಇರುವ ಮೊಲ ತಿನ್ನಬಾರದು ಎಂಬ ಮಾತಿದೆ. ಗೊರಸಿರುವ ಮೊಲ ಪ್ರಪಂಚದಲ್ಲಿ ಎಲ್ಲೂ ಇಲ್ಲ, ಎಲ್ಲ ಮೊಲಕ್ಕೂ ಪಂಜವೇ. ಅದು ಕೋರೆಹಲ್ಲಿನಿಂದ ಬೇಟೆಯಾಡುವ ಪ್ರಾಣಿಯಲ್ಲ, ಹುಲ್ಲು ತಿನ್ನುವ ಪ್ರಾಣಿ. ನಾಲ್ಕೂ ಮದ್‌ಹಬ್‌ಗಳ ಇಮಾಮರು ಅದನ್ನು ಹಲಾಲ್ ಎಂದಿದ್ದಾರೆ. ಜಅ್‌ಫರೀ ಶಿಯಾ ಸಹೋದರರ ಅಭಿಪ್ರಾಯ ಬೇರೆ, ಹಿಂದಿನವರಲ್ಲೂ ಒಬ್ಬಿಬ್ಬರು ಅದನ್ನು ಇಷ್ಟಪಟ್ಟಿರಲಿಲ್ಲ. ಆದರೆ ಹೊಲದಲ್ಲಿ ಓಡಾಡುವ ಕಾಡುಮೊಲದ ವಿಷಯ ಹಾಗಲ್ಲ. ಯುಗಾದಿ ಸಮಯದಲ್ಲಿ ಬಲೆ, ನಾಯಿ ಹಿಡಿದು ಬೇಟೆಗೆ ಹೋಗುತ್ತಿದ್ದ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಗೂಡಿನಲ್ಲಿ ಸಾಕುವ ಬಿಳಿ, ಬೂದು ಮೊಲಗಳು ಯುರೋಪಿನ ಮೂಲದ ಬೇರೆಯೇ ಜಾತಿ.

ಮೊಲ ಹಲಾಲ್ ಎಂಬುದಕ್ಕೆ ಆಧಾರವಾದ ಹದೀಸನ್ನು ಅನಸ್ ಬಿನ್ ಮಾಲಿಕ್(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮಕ್ಕಾದ ಸಮೀಪದ ಮರ್ರುಝ್ಝಹ್ರಾನ್ ಎಂಬಲ್ಲಿ ಇವರ ತಂಡ ಒಂದು ಮೊಲವನ್ನು ಎಬ್ಬಿಸಿ ಬೆನ್ನಟ್ಟಿತು. ಉಳಿದವರು ಓಡಿ ಓಡಿ ಸುಸ್ತಾದರು. ಎಳೆಯರಾದ ಅನಸ್(ರ) ಅದನ್ನು ಹಿಡಿದು ತಮ್ಮ ಮಲತಂದೆ ಅಬೂತಲ್‌ಹಾ(ರ)ರ ಬಳಿಗೆ ತಂದರು. ಅಬೂತಲ್‌ಹಾ(ರ) ಅದನ್ನು ಝಬಹ್ ಮಾಡಿ ಹಿಂತೊಡೆಯ ಭಾಗವನ್ನು ಪ್ರವಾದಿವರ್ಯರಿಗೆ(ಸ) ಕಳುಹಿಸಿಕೊಟ್ಟರು. ಅವರು ಅದನ್ನು ಸ್ವೀಕರಿಸಿದರು.

ಇಲ್ಲಿಗೆ ನಮ್ಮಲ್ಲಿ ಹೆಚ್ಚಿನವರು ಪುಸ್ತಕ ಮುಚ್ಚಿಬಿಡುತ್ತಾರೆ. ಹಲಾಲ್ ಎಂದಾಯಿತು, ಇನ್ನೇನು? ಆದರೆ ಅದೇ ಅಬೂತಲ್‌ಹಾ(ರ)ರ ಮನೆಯ ಇನ್ನೊಂದು ಘಟನೆ ಅದೇ ಹದೀಸ್ ಗ್ರಂಥಗಳಲ್ಲಿ, ಅದೇ ಅನಸ್(ರ)ರ ಬಾಯಿಂದಲೇ ಬಂದಿದೆ. ಅವರಿಗೆ ಅಬೂಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನೊಂದು ಚಿಕ್ಕ ಹಕ್ಕಿಯನ್ನು ಸಾಕಿಕೊಂಡಿದ್ದ. ಒಂದು ದಿನ ಪ್ರವಾದಿವರ್ಯರು(ಸ) ಬಂದಾಗ ಹುಡುಗ ಸಪ್ಪಗಿದ್ದ. ಹಕ್ಕಿ ಸತ್ತುಹೋಗಿತ್ತು. ಅರೇಬಿಯಾದ ನಾಯಕತ್ವ, ಯುದ್ಧ, ಒಪ್ಪಂದಗಳ ಹೊರೆ ಹೊತ್ತಿದ್ದ ಆ ಮಹಾನುಭಾವರು ಒಂದು ಹಕ್ಕಿಗಾಗಿ ಯಾಕೆ ಅಳುತ್ತೀ ಎನ್ನಲಿಲ್ಲ. ದೊಡ್ಡವರನ್ನು ಕರೆಯುವ ಹಾಗೆ ಅವನನ್ನು ಕುನ್ಯತ್‌ನಿಂದ ಕರೆದು, ನಿನ್ನ ಆ ಪುಟ್ಟ ಹಕ್ಕಿಗೆ ಏನಾಯಿತಪ್ಪಾ ಎಂದು ಪ್ರಾಸ ಕೂಡಿಸಿ ವಿಚಾರಿಸಿದರು.

ಒಂದೇ ಮನೆ ನೋಡಿ. ಮೊಲವನ್ನು ಕೊಯ್ದು ಅದರ ಮಾಂಸವನ್ನು ಪ್ರವಾದಿವರ್ಯರಿಗೆ(ಸ) ಕಳುಹಿಸಿದ ಮನೆಯೂ ಅದೇ, ಮಗುವಿನ ಹಕ್ಕಿ ಸತ್ತಾಗ ಪ್ರವಾದಿವರ್ಯರು(ಸ) ಸಂತೈಸಿದ ಮನೆಯೂ ಅದೇ. ಮೊಲದ ಮಾಂಸ ತಿಂದವರು ಹಕ್ಕಿಗಾಗಿ ಮರುಗುವುದು ಬೂಟಾಟಿಕೆ ಎಂದು ಅಲ್ಲಿ ಯಾರಿಗೂ ಅನ್ನಿಸಲಿಲ್ಲ. ಹಕ್ಕಿಗಾಗಿ ಮರುಗಿದ್ದರಿಂದ ಮೊಲ ನಿಷಿದ್ಧವಾಗಲೂ ಇಲ್ಲ. ನಮಗೆ ಮಾತ್ರ ಇವೆರಡರಲ್ಲಿ ಒಂದನ್ನು ಆರಿಸಲೇಬೇಕೆಂಬ ಹಟ. ಅಳುವ ಮಗುವಿಗೆ "ಹಲಾಲ್ ಇರೋದಕ್ಕೆ ಅಳಬಾರದು" ಎಂದು ಗದರಿಸುತ್ತೇವೆ. ಹಲಾಲ್ ಎಂಬುದು ಅನುಮತಿ. ಮನಸ್ಸನ್ನು ಕಲ್ಲಾಗಿಸಿಕೊಳ್ಳಬೇಕೆಂಬ ಆದೇಶ ಅದರಲ್ಲಿ ಎಲ್ಲಿದೆ?

ಆ ರಾತ್ರಿ ನನಗೆ ಇನ್ನೊಂದು ಯೋಚನೆಯೂ ಬಂತು, ಅದು ಇದಕ್ಕಿಂತ ಹೆಚ್ಚು ಕಾಡಿತು. ಅನಸ್(ರ) ಹಿಡಿದ ಮೊಲ ತನ್ನ ಬದುಕಿನ ಕೊನೆಯ ಗಳಿಗೆಯವರೆಗೆ ಬಯಲಿನಲ್ಲಿ ಓಡಾಡಿಕೊಂಡಿತ್ತು. ತನಗೆ ಬೇಕಾದ ನೆರಳು ತಾನೇ ಹುಡುಕಿಕೊಂಡಿತ್ತು, ಬೇಕಾದ ಹುಲ್ಲು ತಾನೇ ಮೇಯ್ದಿತ್ತು. ಅಬೂತಲ್‌ಹಾ(ರ) ಅದಕ್ಕೆ ಉತ್ತರ ಹೇಳಬೇಕಾದದ್ದು ಚೂರಿ ಹಿಡಿದ ಕೆಲವು ಕ್ಷಣಗಳಿಗೆ ಮಾತ್ರ. ನಾವು ಗೂಡಿನಲ್ಲಿ ಸಾಕುವ ಮೊಲದ ವಿಷಯ ಹಾಗಲ್ಲ. ಅದು ಹುಟ್ಟಿದ್ದು ನಮ್ಮ ಕೈಯಲ್ಲಿ, ತಿಂದದ್ದು ನಾವು ಹಾಕಿದ್ದು, ಉಸಿರಾಡಿದ್ದು ನಾವು ಬಿಟ್ಟ ಸಂದಿಯ ಗಾಳಿ. ಅದರ ಮೂರು ತಿಂಗಳ ಇಡೀ ಆಯುಷ್ಯಕ್ಕೆ ಉತ್ತರ ಹೇಳಬೇಕಾದವರು ನಾವು. ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಹೆಂಗಸಿನ ಪ್ರಸಿದ್ಧ ಹದೀಸ್ ನಿಮಗೆ ಗೊತ್ತೇ ಇದೆ. ಆಕೆಯ ಮೇಲಿನ ಆರೋಪ ಏನೆಂದು ಗಮನಿಸಿದ್ದೀರಾ? ತಾನೂ ತಿನ್ನಿಸಲಿಲ್ಲ, ಹೊರಗೆ ಹೋಗಿ ನೆಲದ ಹುಳುಹುಪ್ಪಟೆ ತಿನ್ನಲು ಬಿಡಲೂ ಇಲ್ಲ. ಬಾಗಿಲು ಹಾಕಿದವನು ಆ ಪ್ರಾಣಿಯ ಎಲ್ಲ ಅಗತ್ಯಗಳನ್ನೂ ತನ್ನ ಹೆಗಲ ಮೇಲೆ ಹಾಕಿಕೊಂಡನೆಂದೇ ಇದರ ಅರ್ಥ.

ಹಾಗಿದ್ದರೆ ಮೊಲದ ಅಗತ್ಯಗಳಾವುವು? ಸಾಕುವವರಲ್ಲಿ ಹೆಚ್ಚಿನವರು ಇದನ್ನು ಕೇಳಿಕೊಳ್ಳುವುದೇ ಇಲ್ಲ. ಕೋಳಿಯಂತೆ ಕೂಗುವುದಿಲ್ಲ, ಆಡಿನಂತೆ ಅರಚುವುದಿಲ್ಲ. ನೋವಾದರೂ ಮೊಲ ಸಾಮಾನ್ಯವಾಗಿ ಸುಮ್ಮನೆ ಮೂಲೆಯಲ್ಲಿ ಮುದುಡಿ ಕೂರುತ್ತದೆ. ಆದ್ದರಿಂದ ಅದಕ್ಕೆ ನೋವೇ ಇಲ್ಲವೆಂದು ನಾವು ತಿಳಿಯುತ್ತೇವೆ. ನಮ್ಮ ದೇಶದಲ್ಲಿ ಮೊಲ ಸಾಕಾಣಿಕೆಯ ಸಂಶೋಧನೆ ನಡೆಸಿದ್ದು ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ. ಅದರ ದಕ್ಷಿಣದ ಕೇಂದ್ರ ಎಲ್ಲಿದೆ ಗೊತ್ತೇ? ಕೊಡೈಕೆನಾಲ್ ಬಳಿಯ ಮನ್ನವನೂರಿನ ತಂಪು ಬೆಟ್ಟದಲ್ಲಿ. ಸಿದ್ದಾಪುರದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಮೊಲ ನಮ್ಮಂತೆ ಬೆವರುವುದಿಲ್ಲ. ಮೈಯ ಕಾವನ್ನು ಮುಖ್ಯವಾಗಿ ಆ ಉದ್ದ ಕಿವಿಗಳ ಮೂಲಕವೇ ಹೊರಹಾಕಬೇಕು. ತಗಡಿನ ಮಾಡಿನ ಕೆಳಗೆ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದಕ್ಕೆ ಗೂಡೇ ಒಲೆಯಾಗುತ್ತದೆ. ತಂಗಿಯ ಗಂಡ ಗೂಡು ಇಟ್ಟಿದ್ದು ತಗಡಿನ ಕೆಳಗೇ. ಮೊದಲ ಬೇಸಿಗೆಯಲ್ಲಿ ಎರಡು ಮೊಲ ಸತ್ತಿದ್ದವು. "ಏನೋ ರೋಗ ಬಂತು" ಎಂದಿದ್ದರು. ಹತ್ತು ಹೆಜ್ಜೆ ದೂರದಲ್ಲಿ ಬೇವಿನ ಮರವಿತ್ತು.

ಕೆಳಗೆ ಬರೀ ತಂತಿ ಬಲೆ ಹಾಸಿದ್ದರೆ ಹಿಂಗಾಲಿನ ಹಿಮ್ಮಡಿಯ ಕೂದಲು ಸವೆದು ಹುಣ್ಣಾಗುತ್ತದೆ. ಒಂದು ಮರದ ಹಲಗೆ ಇಟ್ಟರೆ ಅದರ ಮೇಲೆ ಕುಳಿತು ಕಾಲಿಗೆ ಬಿಡುವು ಕೊಡುತ್ತದೆ. ಹಲಗೆಗೆ ಎಷ್ಟು ಖರ್ಚು? ಕಿವಿ ಹಿಡಿದು ಎತ್ತುವುದನ್ನು ಸಂತೆಯಲ್ಲಿ ನೀವು ನೋಡಿರುತ್ತೀರಿ. ಅದು ದೊಡ್ಡ ಹಿಂಸೆ. ಸರಿಯಾಗಿ ಆಸರೆ ಕೊಡದೆ ಎತ್ತಿದರೆ ಮೊಲ ಹಿಂಗಾಲು ಝಾಡಿಸಿದ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಎತ್ತಬೇಕು. ಅದರ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಒರಟು ಹುಲ್ಲು ಅಗಿಯಲು ಸಿಗದಿದ್ದರೆ ಬಾಯಿಯೇ ಹುಣ್ಣಾಗಿ ಮೇವು ಬಿಡುತ್ತದೆ. ನಮ್ಮ ಸೀಮೆಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಮಳೆಗೆ ನೆನೆದು ಬೂಷ್ಟು ಹಿಡಿದ ಶೇಂಗಾ ಹೊಟ್ಟನ್ನು, ಬೂಷ್ಟು ಬಂದ ಶೇಂಗಾ ಹಿಂಡಿಯನ್ನು ದನ ಬೇಡವೆಂದರೆ ಮೊಲಕ್ಕೆ ಹಾಕುವವರಿದ್ದಾರೆ. ಆ ಬೂಷ್ಟಿನ ವಿಷ ಮೊಲದ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ, ಅದನ್ನು ತಡೆದುಕೊಳ್ಳುವ ಶಕ್ತಿ ಮೊಲಕ್ಕೆ ಬಹಳ ಕಡಿಮೆ.

ಇನ್ನು ತಾಯಿ ಮೊಲದ ಮಾತು. ಹೆರುವ ಮುಂಚೆ ಅದು ತನ್ನ ಎದೆಯ, ಹೊಟ್ಟೆಯ ತುಪ್ಪಳವನ್ನು ತಾನೇ ಕಿತ್ತು ಮರಿಗಳಿಗೆ ಹಾಸಿಗೆ ಮಾಡುತ್ತದೆ. ಮರಿಗಳು ಹುಟ್ಟುವಾಗ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ಹತ್ತು ಹನ್ನೆರಡು ದಿನಕ್ಕೆ ಕಣ್ಣು ತೆರೆಯುತ್ತವೆ. ಹೆತ್ತ ಮರುದಿನವೇ ತಾಯಿ ಮತ್ತೆ ಗಬ್ಬ ಧರಿಸಬಲ್ಲದು. ಇದನ್ನೇ ಲಾಭವೆಂದು ತಿಳಿದು ಬಿಡುವೇ ಕೊಡದೆ ಸೂಲಿನ ಮೇಲೆ ಸೂಲು ಹಾಕಿಸುವವರಿದ್ದಾರೆ. ಆ ತಾಯಿ ಒಂದೆರಡು ವರ್ಷದಲ್ಲಿ ಸೊರಗಿ ಮುಗಿದುಹೋಗುತ್ತದೆ. ಪ್ರಯಾಣದಲ್ಲಿ ಸಂಗಾತಿಗಳು ಒಂದು ಹಕ್ಕಿಯ ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತಾಡಿತು. ಇದರ ಮರಿಗಳನ್ನು ಕಸಿದು ಇದನ್ನು ಸಂಕಟಪಡಿಸಿದವರು ಯಾರು ಎಂದು ಕೇಳಿ, ಅವನ್ನು ಹಿಂದಿರುಗಿಸುವಂತೆ ಪ್ರವಾದಿವರ್ಯರು(ಸ) ಆದೇಶಿಸಿದರು. ಇದೂ ಅಬೂದಾವೂದ್‌ನಲ್ಲಿದೆ.

ತಂಗಿಯ ಮನೆಯ ಅಂಗಳದಲ್ಲಿ ನಿಂತರೆ ಬ್ರಹ್ಮಗಿರಿಯ ಬಂಡೆಗಳು ಕಾಣುತ್ತವೆ. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಸಾಮ್ರಾಟ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವನ್ನು ಲೋಕಕ್ಕೆ ಪರಿಚಯಿಸಿದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎನ್ನುತ್ತಾರೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಪ್ರಾಕೃತ ಬರಹದ ಆದೇಶ ಮೂರು ನಾಲ್ಕು ಮಾತುಗಳದ್ದು: ತಂದೆತಾಯಿಯರಿಗೆ ವಿಧೇಯರಾಗಿರುವುದು, ಜೀವಿಗಳ ಬಗ್ಗೆ ದಯೆಯನ್ನು ದೃಢವಾಗಿ ಪಾಲಿಸುವುದು, ಸತ್ಯ ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು. ನಮ್ಮ ಮನೆಯೊಳಗಿನ ಆ ರಾತ್ರಿಯ ಸಂಕಟದಲ್ಲಿ ಇವುಗಳಲ್ಲಿ ಮೂರು ಒಟ್ಟಿಗೆ ಬಂದಿದ್ದವು: ತಂದೆಯ ತೀರ್ಮಾನ, ಪ್ರಾಣಿಯ ಮೇಲಿನ ದಯೆ, ಮಗುವಿಗೆ ಹೇಳಬೇಕಾದ ಸತ್ಯ.

ಜೀವದಯೆ ಎಂದರೆ ಮಾಂಸವನ್ನೇ ಬಿಡುವುದು ಎಂದು ನಮ್ಮ ನೆರೆಹೊರೆಯ ಅನೇಕರು ನಂಬುತ್ತಾರೆ. ಅವರ ಆ ಸಂಯಮವನ್ನು ಹಗುರವಾಗಿ ಕಾಣಬಾರದು. ಈ ಸೀಮೆಯ ಮ್ಯಾಸಬೇಡರು ದೇವರ ಎತ್ತುಗಳೆಂದು ಹಿಂಡು ಹಿಂಡು ಸಾಕಿ, ಉಳುವುದಕ್ಕೂ ಹೂಡದೆ, ಮಾರದೆ, ಕೊನೆಯವರೆಗೆ ಮೇಯಿಸುತ್ತಾರೆ. ಬರ ಬಂದಾಗ ಆ ಕಿಲಾರಿಗಳು ಮೇವಿಗಾಗಿ ಪಡುವ ಪಾಡು ನೋಡಿದರೆ ತಲೆ ಬಾಗುತ್ತದೆ. ನಮ್ಮ ನಂಬಿಕೆ ಬೇರೆ. ಜಾನುವಾರುಗಳಲ್ಲಿ ನಮಗೆ ಬೆಚ್ಚನೆಯ ಹೊದಿಕೆ, ಪ್ರಯೋಜನ, ಆಹಾರ ಇದೆಯೆಂದು ಅಲ್ಲಾಹನು ಅನ್ನಹ್ಲ್ ಅಧ್ಯಾಯದಲ್ಲಿ ತಿಳಿಸಿದ್ದಾನೆ. ಆದರೆ ಅದರ ಮುಂದಿನ ಸೂಕ್ತವನ್ನೂ ಓದಿ: ಸಂಜೆ ಅವನ್ನು ಮನೆಗೆ ತರುವಾಗ, ಬೆಳಿಗ್ಗೆ ಮೇಯಲು ಬಿಡುವಾಗ ಅವುಗಳಲ್ಲಿ ನಿಮಗೆ ಚೆಲುವು ಇದೆ ಎಂದೂ ಅಲ್ಲಿದೆ. ತಿನ್ನುವ ಪ್ರಾಣಿಯ ಚೆಲುವನ್ನು ಕಣ್ತುಂಬ ನೋಡಬೇಕೆಂದು ಹೇಳಿದ ಧರ್ಮವಿದು. ಅಲ್ ಅನ್‌ಆಮ್ ಅಧ್ಯಾಯವಂತೂ ಭೂಮಿಯ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳೆಂದು ಸಾರುತ್ತದೆ.

ಅಶೋಕನ ಬಗ್ಗೆ ನನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ತನ್ನ ಅಡುಗೆಮನೆಗೆ ಹಿಂದೆ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರೆಂದೂ, ಈಗ ಮೂರನ್ನು ಮಾತ್ರ, ಎರಡು ನವಿಲು ಮತ್ತು ಒಂದು ಜಿಂಕೆ, ಅದರಲ್ಲೂ ಜಿಂಕೆ ಯಾವಾಗಲೂ ಅಲ್ಲವೆಂದೂ ಅವನು ಬೇರೊಂದು ಶಾಸನದಲ್ಲಿ ಕೆತ್ತಿಸಿದ. ಎಲ್ಲ ಬಿಟ್ಟೆ ಎಂದು ಬರೆಸಿಕೊಳ್ಳಬಹುದಿತ್ತು, ಚಕ್ರವರ್ತಿಯನ್ನು ಕೇಳುವವರು ಯಾರು? ಉಳಿದ ಮೂರನ್ನೂ ಒಪ್ಪಿಕೊಂಡ. ಉತ್ತರದ ಸ್ತಂಭಗಳ ಮೇಲೆ, ಗಬ್ಬ ಧರಿಸಿದ ಅಥವಾ ಹಾಲೂಡಿಸುತ್ತಿರುವ ಆಡು ಕುರಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂದು ಬರೆಸಿದ. ಅಂಥ ಒಂದು ಸ್ತಂಭ ಇಂದು ದೆಹಲಿಯ ಫಿರೋಝ್ ಷಾ ಕೋಟ್ಲಾದಲ್ಲಿ ನಿಂತಿದೆ. ಹದಿನಾಲ್ಕನೆಯ ಶತಮಾನದಲ್ಲಿ ಸುಲ್ತಾನ ಫಿರೋಝ್ ಷಾ ತುಘಲಕ್ ಅದನ್ನು ತೋಪ್ರಾದಿಂದ ತರಿಸುವಾಗ, ಕಂಬ ಮುಕ್ಕಾಗದಂತೆ ಬೂರುಗದ ಅರಳೆಯ ದೊಡ್ಡ ಹಾಸು ಮಾಡಿ ಅದರ ಮೇಲೆ ಒರಗಿಸಿದರಂತೆ. ತಂಗಿಯ ಗಂಡನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ನಮ್ಮೋರು ಯಾರೋ ಅಲ್ಲಿ ಇದ್ದಿರಬೇಕು" ಎಂದು ನಕ್ಕರು. ಆ ರಾತ್ರಿ ಮನೆಯಲ್ಲಿ ಕೇಳಿದ ಒಂದೇ ನಗು ಅದು.

ಚೂರಿಯ ವಿಷಯ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಕೆಲವು ಕಡೆ ಮೊಲದ ಕತ್ತಿನ ಹಿಂಭಾಗಕ್ಕೆ ಕೋಲಿನಿಂದ ಹೊಡೆದು ಅಥವಾ ಕತ್ತು ತಿರುಚಿ ಕೊಲ್ಲುತ್ತಾರೆ. ಏಟಿಗೆ ಸತ್ತ ಪ್ರಾಣಿ ನಮಗೆ ನಿಷಿದ್ಧವೆಂದು ಅಲ್ ಮಾಇದಃ ಅಧ್ಯಾಯ ಸ್ಪಷ್ಟವಾಗಿ ಹೇಳಿದೆ. ಅಲ್ಲಾಹನ ಹೆಸರಿನಲ್ಲಿ, ಗಂಟಲಿನ ನಾಳಗಳನ್ನು ಒಂದೇ ಎಳೆತಕ್ಕೆ ಕತ್ತರಿಸಬೇಕು. ಅಲ್ಲಾಹನು ಎಲ್ಲ ವಿಷಯಗಳಲ್ಲೂ ಒಳಿತನ್ನು ವಿಧಿಸಿದ್ದಾನೆ, ಝಬಹ್ ಮಾಡುವಾಗಲೂ ಚೆನ್ನಾಗಿ ಮಾಡಿ, ಚೂರಿ ಹರಿತವಾಗಿರಲಿ, ಪ್ರಾಣಿಗೆ ನೆಮ್ಮದಿ ಕೊಡಿ ಎಂಬ ಅರ್ಥದ ಹದೀಸನ್ನು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ. ಪ್ರಾಣಿಯನ್ನು ಮಲಗಿಸಿಟ್ಟು ಅದರ ಕಣ್ಣೆದುರೇ ಚೂರಿ ಮಸೆಯುತ್ತಿದ್ದವನನ್ನು, ಅದನ್ನು ಎರಡು ಸಲ ಸಾಯಿಸಬೇಕೆಂದಿರುವೆಯಾ ಎಂದು ಪ್ರವಾದಿವರ್ಯರು(ಸ) ಪ್ರಶ್ನಿಸಿದ್ದರು. ಮೊಲವಂತೂ ಹೆದರಿಕೆಯಿಂದಲೇ ಪ್ರಾಣ ಬಿಡಬಲ್ಲ ಪ್ರಾಣಿ. ಇತರ ಮೊಲಗಳ ಗೂಡಿನ ಮುಂದೆ ಕೊಯ್ಯುವುದು ಎಷ್ಟು ಮಾತ್ರಕ್ಕೂ ಸರಿಯಲ್ಲ.

ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಬಂದಾಗ ಮಗು ಬಾಗಿಲಲ್ಲೇ ಕುಳಿತಿತ್ತು.

"ಕೊಯ್ಯಬೋದು ಕಣಮ್ಮ" ಎಂದೆ. "ಹೆಸರಿಟ್ಟರೂ, ಇಡದಿದ್ದರೂ ಅದು ಹಲಾಲೇ." ಅವಳ ಮುಖ ಬಾಡಿತು. ಅಬೂಉಮೈರ್‌ನ ಹಕ್ಕಿಯ ವಿಷಯ ಹೇಳಿದೆ. ಅವಳು ಅಳುವುದು ತಪ್ಪಲ್ಲವೆಂದೂ, ನಾನು ಅವಳಷ್ಟಿದ್ದ ನನ್ನ ಮಗನಿಗೆ ಸುಳ್ಳು ಹೇಳಿದ್ದು ತಪ್ಪೆಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಾಗಾದ್ರೆ ಉಳಿದ ಎರಡಕ್ಕೂ ಹೆಸರಿಟ್ರೆ ಅಪ್ಪ ಬಿಡ್ತಾರಾ?"

ನನಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ದೊಡ್ಡವರಾದ ನಾವು ರಾತ್ರಿಯಿಡೀ ಅರಳೆಯೊಂದರ ಬಗ್ಗೆಯೇ ಮಾತಾಡಿದ್ದೆವು. ಹೆಸರಿಲ್ಲದ ಎರಡರ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಹೆಸರು ಎಂಬುದು ನಮಗೂ ಅದಕ್ಕೂ ನಡುವಿನ ಸಲುಗೆ ಅಷ್ಟೇ. ಹೆಸರಿಲ್ಲದ ಮೊಲಕ್ಕೆ ಬಿಸಿಲು ಕಡಿಮೆ ತಾಗುವುದಿಲ್ಲ, ಚೂರಿ ಕಡಿಮೆ ನೋಯಿಸುವುದಿಲ್ಲ. ಸೃಷ್ಟಿಕರ್ತನಿಗೆ ಎಲ್ಲವೂ ಗೊತ್ತಿರುವ ಜೀವಗಳೇ. ಮಗುವಿನ ಪ್ರೀತಿಗಾಗಿ ಒಂದನ್ನು ಉಳಿಸಬಹುದು, ಅನುಮತಿ ಇರುವುದೆಲ್ಲವನ್ನೂ ಮಾಡಲೇಬೇಕೆಂದಿಲ್ಲ. ಆದರೆ ಒಂದನ್ನು ಉಳಿಸಿದ ಸಮಾಧಾನದಲ್ಲಿ ಉಳಿದವುಗಳ ಗೂಡಿನತ್ತ ನೋಡದೆ ಹೋದರೆ ನಾವು ದಯೆ ತೋರಿದ್ದು ಮೊಲಕ್ಕಲ್ಲ, ನಮ್ಮ ಮಗುವಿಗೆ ಮಾತ್ರ. ಅವಳಿಗೆ ಏನು ಹೇಳಲಿ? "ಅದನ್ನ ನಿಮ್ಮಪ್ಪನ ಹತ್ರ ಕೇಳು" ಎಂದೆ. ಕೇಳಿದಳು. ತಂಗಿಯ ಗಂಡ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅರಳೆ ಮರಿ ಹಾಕೋಕೆ ಇರಲಿ. ಎರಡನ್ನ ಕೊಯ್ತ್ತೀನಿ. ನೆಂಟರಿಗೆ ಮಾತು ಕೊಟ್ಟೀನಿ" ಎಂದರು. ಚೂರಿಯನ್ನು ಒಳಗೇ ಮಸೆದುಕೊಂಡು, ಒಂದೊಂದನ್ನೇ ಎದೆಗವಚಿಕೊಂಡು ಗೋಡೆಯ ಆಚೆಗೆ ಒಯ್ದರು.

ಊಟಕ್ಕೆ ಕುಳಿತಾಗ ಹುಡುಗಿ ಅನ್ನ, ಬೇಳೆಸಾರು ಮಾತ್ರ ಹಾಕಿಸಿಕೊಂಡಳು. "ಹಲಾಲ್ ಊಟ ಬೇಡ ಅನ್ನಬಾರದು" ಎಂದು ಅಜ್ಜಿ ರೇಗಿದರು. ಪ್ರವಾದಿವರ್ಯರ(ಸ) ಮುಂದೆ ಒಮ್ಮೆ ಮರುಭೂಮಿಯ ಉಡವನ್ನು ಬಡಿಸಿದಾಗ ಅವರು ಕೈಹಿಂದಕ್ಕೆ ತೆಗೆದುಕೊಂಡರು. ಇದು ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನನ್ನ ನಾಡಿನಲ್ಲಿ ಇದು ಇರಲಿಲ್ಲ, ನನಗೆ ಮನಸ್ಸಾಗುತ್ತಿಲ್ಲ ಎಂದರು. ಖಾಲಿದ್(ರ) ಅವರ ಎದುರೇ ಅದನ್ನು ತಿಂದರು. ಇದನ್ನು ಆ ಹಿರಿಯರಿಗೆ ಮೆಲ್ಲಗೆ ನೆನಪಿಸಿದೆ. ಆಕೆ ಮೊಮ್ಮಗಳ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿದರು.

ಹೊರಡುವ ಮುಂಚೆ ತಂಗಿಯ ಗಂಡನೂ ನಾನೂ ಸೇರಿ ಗೂಡನ್ನು ಬೇವಿನ ಮರದ ಕೆಳಗೆ ಸರಿಸಿದೆವು. ಹಳೆಯ ಬಾಗಿಲಿನ ಹಲಗೆ ಕತ್ತರಿಸಿ ಒಳಗೆ ಹಾಸಿದೆವು. ಮಧ್ಯಾಹ್ನಗಳಲ್ಲಿ ಗೋಣಿಚೀಲ ನೆನೆಸಿ ಮೇಲೆ ಹೊದಿಸುವ ಕೆಲಸ ಹುಡುಗಿಯದು.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಅರಳೆ ಆರು ಮರಿ ಹಾಕಿದೆ, ಎಲ್ಲವೂ ಕಣ್ಣು ಬಿಟ್ಟಿವೆ. ಹುಡುಗಿ ಯಾವುದಕ್ಕೂ ಹೆಸರಿಟ್ಟಿಲ್ಲ. ಇವುಗಳಲ್ಲಿ ಯಾವುದನ್ನು ಕೊಯ್ತೀರಿ, ಯಾವುದನ್ನು ಬಿಡ್ತೀರಿ ಅಂತ ಮುಂಚೆನೇ ಹೇಳಿ ಎಂದು ದಿನಾ ಅಪ್ಪನನ್ನು ಕೇಳುತ್ತಾಳಂತೆ. ಅವರು ಇನ್ನೂ ಹೇಳಿಲ್ಲ.